ಮುಳುಗಿದ್ದು ಹಡಗು ಮಾತ್ರ ಅಲ್ಲ: 'ಮೊಬಿ-ಡಿಕ್' ಸೋತು ಗೆದ್ದ ಕಥೆ

(ಈ ವಾರದ ಎಪಿಸೋಡ್‌ನ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರಿಗೆ, ಬಸ್ಸಲ್ಲಿ ಇಯರ್‌ಫೋನ್ ಮರೆತು ಕೂತವರಿಗೆ.)



ಇವತ್ತು ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಬಿಕಾಂ ಓದಿದವಳು ನಾನು, ಏನೇ ಕೈಗೆತ್ತಿಕೊಂಡ್ರೂ ಮೊದಲು ಲೆಕ್ಕದ ಪುಸ್ತಕನೇ ತೆಗೆಯೋದು.

ಒಬ್ಬ ಲೇಖಕ, ಒಂದು ಕಾದಂಬರಿ. ಕಾದಂಬರಿ ಹೊರಬಂದ ಮೇಲೆ ಲೇಖಕ 40 ವರ್ಷ ಬದುಕಿದ್ದ. ಆ 40 ವರ್ಷದಲ್ಲಿ ಅವನ ಸ್ವಂತ ದೇಶದಲ್ಲಿ ಮಾರಾಟವಾಗಿದ್ದು ಸುಮಾರು 3,200 ಪ್ರತಿ. ಭಾಗಿಸಿ ನೋಡಿ, ವರ್ಷಕ್ಕೆ 80. ಅದರಿಂದ ಅವನ ಕೈಗೆ ಬಂದ ರಾಯಲ್ಟಿ ಒಟ್ಟು ಸುಮಾರು 556 ಡಾಲರ್. ಆಮೇಲೆ ಅವನು ಸತ್ತ. ಪುಸ್ತಕ ಅಂಗಡಿಗಳಲ್ಲಿ ಸಿಗೋದು ಅದಕ್ಕೂ ಮೊದಲೇ ನಿಂತುಹೋಗಿತ್ತು.

ಇವತ್ತು ಅಮೆರಿಕದ ಅತಿ ದೊಡ್ಡ ಕಾದಂಬರಿ ಯಾವುದು ಅಂತ ಚರ್ಚೆ ಶುರುವಾದ್ರೆ ಮೊದಲ ಎರಡು ಮೂರು ಹೆಸರಲ್ಲಿ ಇದೇ ಪುಸ್ತಕ ಬರುತ್ತೆ. ಪುಸ್ತಕದ ಹೆಸರು 'ಮೊಬಿ-ಡಿಕ್'. ಬರೆದವನು ಹರ್ಮನ್ ಮೆಲ್ವಿಲ್. ವರ್ಷ 1851.

ನಡುವೆ ಏನಾಯ್ತು? ಯಾರು ಮುಳುಗಿಸಿದ್ರು, ಯಾರು ಎತ್ತಿದ್ರು? ಅದೇ ಇವತ್ತಿನ ವಿಷಯ.

ಮೊದಲು ಕಥೆ ಏನು ಅಂತ ತಿಳ್ಕೊಳ್ಳೋಣ

ಕಾದಂಬರಿ ಓದೋ ಪ್ಲಾನ್ ಇರೋರು ಕಿವಿ ಮುಚ್ಕೊಳ್ಳಿ. ಆದ್ರೆ ಕ್ಲೈಮ್ಯಾಕ್ಸ್ ಹೇಳದೆ ಇವತ್ತಿನ ಎಪಿಸೋಡ್ ಮುಂದಕ್ಕೆ ಹೋಗಲ್ಲ, ಕ್ಷಮಿಸಿ.

ಇಷ್ಮೇಲ್ ಅನ್ನೋ ಯುವಕನೇ ಕಥೆ ಹೇಳೋನು. ಜೇಬಲ್ಲಿ ಕಾಸಿಲ್ಲ, ಮನಸ್ಸಿಗೆ ನೆಮ್ಮದಿ ಇಲ್ಲ. ತಿಮಿಂಗಿಲ ಬೇಟೆಯ ಹಡಗು ಹತ್ತೋಣ ಅಂತ ಹೊರಡ್ತಾನೆ. ದಾರಿಯಲ್ಲಿ ಒಂದು ಇನ್‌ನಲ್ಲಿ ದಕ್ಷಿಣ ಸಮುದ್ರದ ದ್ವೀಪದಿಂದ ಬಂದ ಕ್ವೀಕ್ವೆಗ್ ಜೊತೆ ಒಂದೇ ಮಂಚ ಹಂಚಿಕೊಳ್ಳಬೇಕಾಗುತ್ತೆ. ಮೊದಲು ಭಯ, ಆಮೇಲೆ ಪ್ರಾಣಸ್ನೇಹ. ಇಬ್ಬರೂ 'ಪೀಕ್ವಾಡ್' ಅನ್ನೋ ಹಡಗು ಸೇರ್ತಾರೆ. ಅದರ ಕ್ಯಾಪ್ಟನ್ ಏಹಬ್. ಬಿಳಿ ತಿಮಿಂಗಿಲವೊಂದು ಹಿಂದೆ ಅವನ ಒಂದು ಕಾಲು ಕಿತ್ತುಕೊಂಡಿರುತ್ತೆ. ಅದರ ಹೆಸರೇ ಮೊಬಿ ಡಿಕ್. ಹಡಗಿನ ಮಾಲೀಕರಿಗೆ ಬೇಕಾಗಿರೋದು ತಿಮಿಂಗಿಲದ ಎಣ್ಣೆ, ಏಹಬ್‌ಗೆ ಬೇಕಾಗಿರೋದು ಸೇಡು.

ಇಲ್ಲಿ ಕಾಮರ್ಸ್‌ನವರು ಖುಷಿಪಡೋ ಒಂದು ಸಂಗತಿ ಇದೆ. ಆ ಹಡಗುಗಳಲ್ಲಿ ಸಂಬಳ ಇರಲಿಲ್ಲ, ಲಾಭದಲ್ಲಿ ಪಾಲು ಇತ್ತು. ಇಷ್ಮೇಲ್‌ಗೆ ಒಪ್ಪಿಸಿದ ಪಾಲು 300ರಲ್ಲಿ ಒಂದು. ಈಟಿ ಎಸೆಯೋದರಲ್ಲಿ ನಿಪುಣನಾದ ಕ್ವೀಕ್ವೆಗ್‌ಗೆ 90ರಲ್ಲಿ ಒಂದು. ಅಂದ್ರೆ ಕ್ಯಾಪ್ಟನ್ ತನ್ನ ಸ್ವಂತ ಸೇಡಿಗೆ ಹಡಗನ್ನ ತಿರುಗಿಸಿದಾಗ ಅವನು ಪಣಕ್ಕಿಟ್ಟಿದ್ದು ಉಳಿದವರ ಜೀವ ಮಾತ್ರ ಅಲ್ಲ, ಅವರ ಕೂಲಿನೂ. ಎದುರು ಮಾತಾಡೋನು ಒಬ್ಬನೇ, ಮೊದಲ ಮೇಟ್ ಸ್ಟಾರ್‌ಬಕ್. ಅವನ ವಾದ ಪಕ್ಕಾ ವ್ಯಾಪಾರದ್ದು: ನಿಮ್ಮ ಸೇಡಿಗೆ ಮಾರ್ಕೆಟ್ಟಲ್ಲಿ ಎಷ್ಟು ಬೆಲೆ ಸಿಗುತ್ತೆ ಸ್ವಾಮಿ ಅಂತ. ಹೌದು, ಕಾಫಿ ಕಂಪನಿ 'ಸ್ಟಾರ್‌ಬಕ್ಸ್' ಹೆಸರು ಬಂದಿದ್ದು ಈ ಪಾತ್ರದಿಂದಲೇ.

ಕೊನೆಗೆ ಮೂರು ದಿನದ ಬೆನ್ನಟ್ಟುವಿಕೆ. ತಿಮಿಂಗಿಲ ಹಡಗನ್ನೇ ಗುದ್ದಿ ಮುಳುಗಿಸುತ್ತೆ. ಎಲ್ಲರೂ ಸಾಯ್ತಾರೆ, ಇಷ್ಮೇಲ್ ಒಬ್ಬನನ್ನ ಬಿಟ್ಟು. ಕ್ವೀಕ್ವೆಗ್ ತನಗಾಗಿ ಮಾಡಿಸಿಕೊಂಡಿದ್ದ ಶವಪೆಟ್ಟಿಗೆ ನೀರಿನ ಮೇಲೆ ತೇಲಿ ಬರುತ್ತೆ, ಅದನ್ನ ಹಿಡ್ಕೊಂಡು ಇವನು ಬದುಕ್ತಾನೆ. ಈ ವಿಷಯ ಬರೋದು 135 ಅಧ್ಯಾಯ ಮುಗಿದ ಮೇಲಿನ ಒಂದು ಚಿಕ್ಕ ಉಪಸಂಹಾರದಲ್ಲಿ. ಒಂದು ಪುಟನೂ ತುಂಬಲ್ಲ. ಆ ಪುಟ ನೆನಪಲ್ಲಿ ಇಟ್ಕೊಳ್ಳಿ.

ಕಾಣೆಯಾದ ಪುಟ

ಮೆಲ್ವಿಲ್ ಹೊಸಬ ಏನಲ್ಲ. 1841ರ ಜನವರಿಯಲ್ಲಿ, 21ನೇ ವಯಸ್ಸಲ್ಲಿ, 'ಅಕುಷ್ನೆಟ್' ಅನ್ನೋ ತಿಮಿಂಗಿಲ ಬೇಟೆ ಹಡಗು ಹತ್ತಿದವನು. ಮುಂದಿನ ವರ್ಷ ಪೆಸಿಫಿಕ್‌ನ ಮಾರ್ಕೆಸಸ್ ದ್ವೀಪದಲ್ಲಿ ಹಡಗು ಬಿಟ್ಟು ಓಡಿಹೋದ. ಆ ಅನುಭವ ಇಟ್ಕೊಂಡು 1846ರಲ್ಲಿ ಬರೆದ 'ಟೈಪೀ' ಜೋರಾಗಿ ಮಾರಾಟ ಆಯ್ತು. ನರಭಕ್ಷಕರ ನಡುವೆ ಬದುಕಿ ಬಂದವನು ಅನ್ನೋ ಹೆಸರು ಅಂಟ್ಕೊಳ್ತು. ಜನ ಅವನಿಂದ ಬಯಸಿದ್ದು ಅದನ್ನೇ: ಸಮುದ್ರ, ಸಾಹಸ, ಸ್ವಲ್ಪ ಮಸಾಲೆ.

ಆದರೆ 'ಮೊಬಿ-ಡಿಕ್'ನಲ್ಲಿ ಅವನು ಬೇರೆ ಏನೋ ಮಾಡಿದ. ಕಥೆ ಓಡ್ತಾ ಇರುತ್ತೆ, ಮಧ್ಯದಲ್ಲಿ ನಿಲ್ಲಿಸಿ ತಿಮಿಂಗಿಲದ ವರ್ಗೀಕರಣ ಹೇಳ್ತಾನೆ. ಮತ್ತೆ ಓಡುತ್ತೆ, ಬಿಳಿ ಬಣ್ಣ ಯಾಕೆ ಭಯ ಹುಟ್ಟಿಸುತ್ತೆ ಅಂತ ಒಂದು ಅಧ್ಯಾಯ. ಕೆಲವು ಅಧ್ಯಾಯ ನಾಟಕದ ರೂಪದಲ್ಲಿ. ಕೆಲವು ಪ್ರವಚನ. ಕೆಲವು ಶುದ್ಧ ತಮಾಷೆ.

ಹಣದ ಪರಿಸ್ಥಿತಿ ಕೇಳಬೇಡಿ. ನ್ಯೂಯಾರ್ಕಿನ ಹಾರ್ಪರ್ ಪ್ರಕಾಶನಕ್ಕೆ ಹಳೇ ಪುಸ್ತಕಗಳ ಲೆಕ್ಕದಲ್ಲಿ ಇವನೇ ಸುಮಾರು 700 ಡಾಲರ್ ಬಾಕಿ ಇದ್ದ, ಹಾಗಾಗಿ ಅವರು ಮುಂಗಡ ಕೊಡಲ್ಲ ಅಂದ್ರು. ಪುಸ್ತಕ ಮುಗಿಸೋಕೆ ಸಾಲ ಮಾಡಿದ. ಅದೇ ವರ್ಷ ಗೆಳೆಯ, ಕಾದಂಬರಿಕಾರ ನಥಾನಿಯಲ್ ಹಾಥಾರ್ನ್‌ಗೆ ಬರೆದ ಕಾಗದದಲ್ಲಿ ಸಂಕಟ ತೋಡಿಕೊಳ್ತಾನೆ: ನನಗೆ ಬರೀಬೇಕು ಅನ್ನಿಸೋದಕ್ಕೆ ಕಾಸು ಹುಟ್ಟಲ್ಲ, ಕಾಸು ಹುಟ್ಟೋ ಥರ ಬರೆಯೋಕೆ ನನ್ನಿಂದ ಆಗಲ್ಲ, ಅನ್ನೋ ಅರ್ಥದಲ್ಲಿ. ಯೂಟ್ಯೂಬ್ ಥಂಬ್‌ನೇಲ್ ಮಾಡ್ತಾ ಕೂತ ಯಾರಿಗಾದರೂ ಈ ಮಾತು ಅರ್ಥ ಆಗುತ್ತೆ.

ಈಗ ಮುಖ್ಯ ಘಟ್ಟ. ಆಗ ಅಮೆರಿಕಕ್ಕೂ ಬ್ರಿಟನ್‌ಗೂ ನಡುವೆ ಕಾಪಿರೈಟ್ ಒಪ್ಪಂದ ಇರಲಿಲ್ಲ. ಅಮೆರಿಕದಲ್ಲಿ ಮೊದಲು ಪ್ರಿಂಟ್ ಆದ್ರೆ ಬ್ರಿಟನ್ನಿನವರು ಒಂದು ಪೈಸೆ ಕೊಡದೆ ನಕಲು ಹೊಡೀಬಹುದಿತ್ತು. ಅದಕ್ಕೆ ಮೆಲ್ವಿಲ್ ಥರದವರು ಪುಸ್ತಕವನ್ನ ಮೊದಲು ಲಂಡನ್ನಲ್ಲಿ ಬಿಡುಗಡೆ ಮಾಡ್ತಿದ್ರು. 1851ರ ಅಕ್ಟೋಬರ್ 18ಕ್ಕೆ ಲಂಡನ್ನಿನ ರಿಚರ್ಡ್ ಬೆಂಟ್ಲಿ ಮೂರು ಸಂಪುಟದಲ್ಲಿ 500 ಪ್ರತಿ ಹೊರತಂದ. ಆ ಆವೃತ್ತಿಯ ಹೆಸರು 'ದಿ ವೇಲ್', ಅಂದ್ರೆ 'ತಿಮಿಂಗಿಲ'. ಅಮೆರಿಕದ ಆವೃತ್ತಿ ಬಂದಿದ್ದು ನವೆಂಬರ್ 14ಕ್ಕೆ, 2,915 ಪ್ರತಿ.

ಲಂಡನ್ ಆವೃತ್ತಿಯಲ್ಲಿ ದೇವರ ಬಗ್ಗೆ, ರಾಜಮನೆತನದ ಬಗ್ಗೆ ಇದ್ದ ಕೊಂಕು ಮಾತುಗಳಿಗೆಲ್ಲ ಕತ್ತರಿ ಬಿದ್ದಿತ್ತು. ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದು. ಆ ಕೊನೆಯ ಪುಟ, ಉಪಸಂಹಾರ, ಲಂಡನ್ ಆವೃತ್ತಿಯಲ್ಲಿ ಇರಲೇ ಇಲ್ಲ.

ಯೋಚನೆ ಮಾಡಿ. ನೀವು ಮೂರು ಸಂಪುಟ ಓದಿದ್ದೀರಿ. 'ನಾನು, ನಾನು' ಅಂತ ಒಬ್ಬ ಕಥೆ ಹೇಳ್ತಾ ಬಂದಿದ್ದಾನೆ. ಕೊನೆಗೆ ಹಡಗು ಮುಳುಗ್ತು, ಎಲ್ರೂ ಸತ್ತರು, ಕಥೆ ಮುಗೀತು. ಹಾಗಾದ್ರೆ ಇಷ್ಟು ಹೊತ್ತು ಮಾತಾಡಿದ್ದು ಯಾರು? ದೆವ್ವನಾ?

ಲಂಡನ್ ವಿಮರ್ಶಕರು ಕೇಳಿದ್ದೂ ಅದನ್ನೇ. ನಿರೂಪಕನಿಗೆ ತಿಳಿಯೋಕೆ ಸಾಧ್ಯವಿಲ್ಲದ್ದನ್ನ ಅವನ ಬಾಯಲ್ಲಿ ಹೇಳಿಸಬಾರದು ಅನ್ನೋ ಕನಿಷ್ಠ ನಿಯಮನೂ ಪಾಲಿಸಿಲ್ಲ ಅಂತ 'ಸ್ಪೆಕ್ಟೇಟರ್' ಆಕ್ಷೇಪ ಎತ್ತಿತು. ಕೊನೆಯನ್ನ ಅವಸರದಲ್ಲಿ, ಅಸ್ಪಷ್ಟವಾಗಿ ಮುಗಿಸಿದ್ದಾನೆ ಅಂತ 'ಅಥೀನಿಯಂ' ಬೈದಿತು.

ಅಮೆರಿಕದ ಪುಸ್ತಕದಲ್ಲಿ ಆ ಪುಟ ಇತ್ತು. ಆದರೂ ಪೆಟ್ಟು ಅಲ್ಲಿಗೂ ಬಿತ್ತು. ಆ ಕಾಲಕ್ಕೆ ಅಮೆರಿಕದ ಪತ್ರಿಕೆಗಳಿಗೆ ಲಂಡನ್ ಅಂದ್ರೆ ಹೈಕೋರ್ಟ್ ಇದ್ದ ಹಾಗೆ. ಅಲ್ಲಿನ ವಿಮರ್ಶೆಗಳನ್ನ ಇಲ್ಲಿ ಮರುಮುದ್ರಣ ಮಾಡ್ತಿದ್ರು. ಈ ಎರಡೂ ಕಟು ವಿಮರ್ಶೆಗಳು ಹಡಗು ಹತ್ತಿ ಅಮೆರಿಕಕ್ಕೆ ಬಂದವು. ಬಾಸ್ಟನ್ನಿನ ಒಂದು ಪತ್ರಿಕೆ 'ಅಥೀನಿಯಂ' ತೀರ್ಪನ್ನೇ ತನ್ನ ತೀರ್ಪು ಮಾಡ್ಕೊಳ್ತು. ಲಂಡನ್ನಿನಲ್ಲೇ ಬಂದಿದ್ದ ಒಳ್ಳೆ ವಿಮರ್ಶೆಗಳು ಅಷ್ಟು ದೂರ ತಲುಪಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಒನ್ ಸ್ಟಾರ್ ರೇಟಿಂಗ್‌ನ ಸ್ಕ್ರೀನ್‌ಶಾಟ್ ಫಾರ್ವರ್ಡ್ ಆಯ್ತು, ಫೈವ್ ಸ್ಟಾರ್ ಅಲ್ಲೇ ಉಳೀತು.

ಒಂದೇ ಪುಟದ ತಪ್ಪಾ?

ಇಲ್ಲಿಗೆ ನಿಲ್ಲಿಸಿದ್ರೆ ಕಥೆ ಚೆನ್ನಾಗಿರುತ್ತೆ. ರೀಲ್ಸ್ ಮಾಡೋರು ಇಲ್ಲಿಗೇ ನಿಲ್ಲಿಸ್ತಾರೆ. ಆದರೆ ಪೂರ್ತಿ ಸತ್ಯ ಅದಲ್ಲ.

ಒಳ್ಳೆ ಮಾತುಗಳೂ ಬಂದಿದ್ವು. 'ನ್ಯೂಯಾರ್ಕ್ ಟ್ರಿಬ್ಯೂನ್' ಹೊಗಳಿತ್ತು. ಪುಸ್ತಕವನ್ನ ಯಾರಿಗೆ ಅರ್ಪಿಸಿದ್ದನೋ ಆ ಹಾಥಾರ್ನ್ ಮೆಚ್ಚಿ ಕಾಗದ ಬರೆದ, ಅದನ್ನ ಓದಿ ಮೆಲ್ವಿಲ್ ಹಿಗ್ಗಿಹೋದ. ಪುಕ್ಕಟೆ ಪ್ರಚಾರನೂ ಸಿಕ್ಕಿತ್ತು: 1851ರ ಆಗಸ್ಟ್‌ನಲ್ಲಿ 'ಆನ್ ಅಲೆಕ್ಸಾಂಡರ್' ಅನ್ನೋ ನಿಜವಾದ ಹಡಗನ್ನ ನಿಜವಾದ ತಿಮಿಂಗಿಲವೊಂದು ಗುದ್ದಿ ಮುಳುಗಿಸಿತ್ತು. ಆ ಸುದ್ದಿ ನ್ಯೂಯಾರ್ಕ್ ತಲುಪಿದ್ದು ಪುಸ್ತಕ ಹೊರಬಂದ ನವೆಂಬರ್‌ನಲ್ಲೇ. ಇಂಥ ಟೈಮಿಂಗ್ ದುಡ್ಡು ಕೊಟ್ರೂ ಸಿಗಲ್ಲ. ಆದರೂ ಪುಸ್ತಕ ಓಡಲಿಲ್ಲ.

ಯಾಕೆ? ಒಂದು, ಜನ ಕೇಳಿದ್ದು 'ಟೈಪೀ' ಭಾಗ ಎರಡು, ಸಿಕ್ಕಿದ್ದು ತತ್ವಶಾಸ್ತ್ರ. ಎರಡು, ಧರ್ಮದ ಬಗ್ಗೆ ಅವನ ಮಾತು ಹಲವರಿಗೆ ಉರಿ ತಂತು. ಮೆಲ್ವಿಲ್‌ನ ಸ್ನೇಹಿತ ಎವರ್ಟ್ ಡೈಕಿಂಕ್ ತನ್ನದೇ ಪತ್ರಿಕೆಯಲ್ಲಿ ಈ ವಿಷಯಕ್ಕೆ ಬೇಸರ ತೋಡಿಕೊಂಡ. ಮೂರು, ಅದನ್ನ ಯಾವ ಶೆಲ್ಫಲ್ಲಿ ಇಡಬೇಕು ಅಂತಲೇ ಯಾರಿಗೂ ತಿಳೀಲಿಲ್ಲ. ಕಾದಂಬರಿನಾ, ವಿಜ್ಞಾನನಾ, ನಾಟಕನಾ?

ಅದರ ಮೇಲೆ ದುರದೃಷ್ಟ. ಮುಂದಿನ ವರ್ಷ ಬಂದ 'ಪಿಯರ್' ಕಾದಂಬರಿಗೆ ಇನ್ನೂ ಕೆಟ್ಟ ವಿಮರ್ಶೆ. ಮೆಲ್ವಿಲ್‌ಗೆ ಹುಚ್ಚು ಹಿಡಿದಿದೆ ಅನ್ನೋ ಅರ್ಥದ ಶೀರ್ಷಿಕೆಯನ್ನೇ ಒಂದು ಪತ್ರಿಕೆ ಹಾಕಿತು. 1853ರ ಡಿಸೆಂಬರ್‌ನಲ್ಲಿ ಹಾರ್ಪರ್ ಕಟ್ಟಡಕ್ಕೆ ಬೆಂಕಿ ಬಿತ್ತು. 'ಮೊಬಿ-ಡಿಕ್'ನ ಮಾರಾಟವಾಗದೆ ಉಳಿದಿದ್ದ ಸುಮಾರು 300 ಪ್ರತಿಗಳು ಸುಟ್ಟುಹೋದವು. ಆಮೇಲಿನ ಮರುಮುದ್ರಣಗಳೆಲ್ಲ ಸಣ್ಣಸಣ್ಣವು, ಸಲಕ್ಕೆ 250ರ ಆಸುಪಾಸು.

ಸ್ಪಷ್ಟವಾಗಿ ಹೇಳಬೇಕು ಅಂದ್ರೆ ಕಾಣೆಯಾದ ಪುಟ ಪುಸ್ತಕವನ್ನ ಕೊಲ್ಲಲಿಲ್ಲ. ಆದರೆ ತಿರಸ್ಕರಿಸೋಕೆ ಕಾಯ್ತಿದ್ದವರ ಕೈಗೆ ಒಂದು ನೆಪ ಕೊಡ್ತು.

ದಿನಗೂಲಿ ನಾಲ್ಕು ಡಾಲರ್

1866ರಲ್ಲಿ ಮೆಲ್ವಿಲ್ ನ್ಯೂಯಾರ್ಕ್ ಬಂದರಿನಲ್ಲಿ ಕಸ್ಟಮ್ಸ್ ಇನ್‌ಸ್ಪೆಕ್ಟರ್ ಆಗಿ ಸೇರಿದ. ದಿನಕ್ಕೆ ನಾಲ್ಕು ಡಾಲರ್. 1885ರವರೆಗೆ, 19 ವರ್ಷ, ಅದೇ ಕೆಲಸ. ಸಮುದ್ರದ ಬಗ್ಗೆ ಅಷ್ಟು ದೊಡ್ಡ ಪುಸ್ತಕ ಬರೆದವನು ಬೇರೆಯವರ ಹಡಗಿನ ಸರಕು ತಪಾಸಣೆ ಮಾಡ್ತಾ ಓಡಾಡಿದ. ರಾತ್ರಿ ಪದ್ಯ ಬರೀತಿದ್ದ. ಕೆಲವನ್ನ 25 ಪ್ರತಿಯಷ್ಟೇ ಅಚ್ಚು ಹಾಕಿಸಿ ಹತ್ತಿರದವರಿಗೆ ಹಂಚಿದ.

1891ರ ಸೆಪ್ಟೆಂಬರ್ 28ಕ್ಕೆ ತೀರಿಕೊಂಡ, ವಯಸ್ಸು 72. ಕೆಲವು ದಿನ ಬಿಟ್ಟು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬಂದ ನೆನಪಿನ ಬರಹದ ಶೀರ್ಷಿಕೆಯಲ್ಲಿ ಹೆಸರು 'ಹರ್ಮನ್' ಬದಲು 'ಹೈರಮ್' ಅಂತ ಅಚ್ಚಾಗಿತ್ತು.

ಮತ್ತೆ ಎತ್ತಿದ್ದು ಯಾರು?

ಪೂರ್ತಿ ಮರೆತುಹೋಗಿದ್ರೆ ಯಾರೂ ಎತ್ತೋಕೆ ಆಗ್ತಿರಲಿಲ್ಲ. ಕೆಲವರು ಕೆಂಡ ಆರದ ಹಾಗೆ ನೋಡ್ಕೊಂಡಿದ್ರು. ತಮಾಷೆ ಅಂದ್ರೆ ಅವರಲ್ಲಿ ಹಲವರು ಬ್ರಿಟನ್ನಿನವರು. ಸಮುದ್ರ ಕಥೆಗಳ ಲೇಖಕ ಕ್ಲಾರ್ಕ್ ರಸೆಲ್ 1880ರ ದಶಕದಲ್ಲೇ ಮೆಲ್ವಿಲ್‌ನನ್ನ ಹೊಗಳಿ ಬರೆದಿದ್ದ.

1919 ಮೆಲ್ವಿಲ್ ಹುಟ್ಟಿ ನೂರು ವರ್ಷ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ವ್ಯಾನ್ ಡೋರನ್ ತನ್ನ ಕಿರಿಯ ಸಹೋದ್ಯೋಗಿ ರೇಮಂಡ್ ವೀವರ್‌ಗೆ ಒಂದು ಲೇಖನ ಬರೆಯಪ್ಪ ಅಂತ ಹೇಳಿದ. ವೀವರ್ ಹುಡುಕ್ತಾ ಹೋಗಿ 1921ರಲ್ಲಿ ಪೂರ್ತಿ ಜೀವನಚರಿತ್ರೆಯನ್ನೇ ಬರೆದ. ಮೆಲ್ವಿಲ್‌ನ ಮೊಮ್ಮಗಳು ಅವನಿಗೆ ಅಜ್ಜನ ಹಸ್ತಪ್ರತಿಗಳನ್ನ ತೋರಿಸಿದ್ರು. ಅದರಲ್ಲಿ ಯಾರೂ ನೋಡಿರದ ಒಂದು ಕಿರುಕಾದಂಬರಿ ಇತ್ತು: 'ಬಿಲ್ಲಿ ಬಡ್'. ಅದು ಅಚ್ಚಾಗಿದ್ದು 1924ರಲ್ಲಿ, ಲೇಖಕ ಸತ್ತು 33 ವರ್ಷದ ಮೇಲೆ. ಅಷ್ಟರಲ್ಲಿ ಇಂಗ್ಲೆಂಡಿನ ಡಿ.ಎಚ್. ಲಾರೆನ್ಸ್ 1923ರ ತನ್ನ ವಿಮರ್ಶಾ ಪುಸ್ತಕದಲ್ಲಿ 'ಮೊಬಿ-ಡಿಕ್' ಅನ್ನ ಆಕಾಶಕ್ಕೇರಿಸಿದ್ದ.

ಆದರೆ ಅದೇ ಪುಸ್ತಕ, ಅದೇ ಪದಗಳು. 1851ರಲ್ಲಿ ಬೇಡವಾಗಿದ್ದು 1920ರಲ್ಲಿ ಯಾಕೆ ಬೇಕಾಯ್ತು? ನನ್ನ ಪ್ರಕಾರ ಬದಲಾಗಿದ್ದು ಓದುಗರು. ಮೊದಲ ಮಹಾಯುದ್ಧ ಮುಗಿದಿತ್ತು. ಒಬ್ಬ ನಾಯಕನ ಹಠಕ್ಕೆ ಇಡೀ ಹಡಗು ಮುಳುಗೋ ಕಥೆ ಆಗ ಕಟ್ಟುಕಥೆ ಅನ್ನಿಸಲಿಲ್ಲ. ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಬಂದಿದ್ದು 1922ರಲ್ಲಿ. ಕಾದಂಬರಿಯೊಳಗೆ ಏನು ಬೇಕಾದ್ರೂ ತುರುಕಬಹುದು ಅನ್ನೋದು ಒಪ್ಪಿತವಾಗ್ತಾ ಇತ್ತು. 1851ರಲ್ಲಿ ದೋಷ ಅನ್ನಿಸಿಕೊಂಡಿದ್ದೇ ಈಗ ಧೈರ್ಯ ಅನ್ನಿಸಿಕೊಳ್ತು. ಜೊತೆಗೆ, ಅಮೆರಿಕದ ಕಾಲೇಜುಗಳು ತಮ್ಮದೇ ಸಾಹಿತ್ಯವನ್ನ ಒಂದು ವಿಷಯವಾಗಿ ಕಲಿಸೋಕೆ ಶುರು ಮಾಡಿದ್ವು. ಅದಕ್ಕೆ ತಮ್ಮದೇ ಒಂದು ಮಹಾಗ್ರಂಥ ಬೇಕಿತ್ತು. ಎಫ್.ಒ. ಮ್ಯಾಥಿಸನ್ 1941ರಲ್ಲಿ ಬರೆದ 'ಅಮೆರಿಕನ್ ರಿನೈಸನ್ಸ್' ಮೆಲ್ವಿಲ್‌ನನ್ನ ಸಿಲಬಸ್ಸಿನ ಮಧ್ಯೆ ಕೂರಿಸಿತು. ಸಿಲಬಸ್ಸಿಗೆ ಒಂದು ಸಲ ಸೇರಿದ ಪುಸ್ತಕ ಅಷ್ಟು ಸುಲಭಕ್ಕೆ ಮುಳುಗಲ್ಲ.

ಖ್ಯಾತಿ ಬಂದಾಗಲೂ ತಮಾಷೆ ನಿಲ್ಲಲಿಲ್ಲ. 1930ರ ಹಾಲಿವುಡ್ ಸಿನಿಮಾದಲ್ಲಿ ಏಹಬ್ ತಿಮಿಂಗಿಲವನ್ನ ಕೊಂದು, ಮನೆಗೆ ಬಂದು, ಪ್ರೇಯಸಿಯನ್ನ ಸೇರ್ತಾನೆ! ಅದೇ ವರ್ಷ ರಾಕ್‌ವೆಲ್ ಕೆಂಟ್ ಚಿತ್ರಗಳಿದ್ದ ಜನಪ್ರಿಯ ಆವೃತ್ತಿ ಬಂತು. ಅದರ ಹೊದಿಕೆಯ ಮೇಲೆ ಚಿತ್ರಕಾರನ ಹೆಸರಿತ್ತು, ಮೆಲ್ವಿಲ್ ಹೆಸರು ಬಿಟ್ಟುಹೋಗಿತ್ತು.

ಪ್ರತಿ ಕಾಲಕ್ಕೂ ಅದರದೇ ತಿಮಿಂಗಿಲ

ಕ್ಲಾಸಿಕ್ ಅಂದ್ರೆ ಏನು ಅನ್ನೋದಕ್ಕೆ ಈ ಪುಸ್ತಕ ಒಳ್ಳೆ ಉದಾಹರಣೆ. ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿರೋದು ಕ್ಲಾಸಿಕ್ ಅಲ್ಲ, ಜನ ಮತ್ತೆಮತ್ತೆ ಇಳಿಸಿಕೊಂಡು ಜಗಳ ಆಡೋದು.

1952ರಲ್ಲಿ ಟ್ರಿನಿಡಾಡ್ ಮೂಲದ ಚಿಂತಕ ಸಿ.ಎಲ್.ಆರ್. ಜೇಮ್ಸ್ ಅವರನ್ನ ಅಮೆರಿಕದಿಂದ ಹೊರಹಾಕೋಕೆ ಎಲಿಸ್ ದ್ವೀಪದಲ್ಲಿ ಕೂಡಿಹಾಕಿದ್ರು. ಹೌದು, ಕ್ರಿಕೆಟ್ ಬಗ್ಗೆ ಮುಂದೆ 'ಬಿಯಾಂಡ್ ಎ ಬೌಂಡರಿ' ಬರೆದವರು ಇವರೇ. ಅಲ್ಲಿ ಕೂತು ಅವರು ಬರೆದಿದ್ದು ಮೆಲ್ವಿಲ್ ಬಗ್ಗೆ. ಅವರ ಕಣ್ಣಿಗೆ ಬಿದ್ದಿದ್ದು ಹಡಗಿನ ಕೂಲಿಗಳು: ಬೇರೆ ಬೇರೆ ದೇಶದ, ಬೇರೆ ಬೇರೆ ಬಣ್ಣದ ಕೆಲಸಗಾರರು, ಮತ್ತು ಅವರನ್ನ ಸಾವಿಗೆ ಎಳೆದುಕೊಂಡು ಹೋಗೋ ಸರ್ವಾಧಿಕಾರಿ. 1988ರ ಒಂದು ಉಪನ್ಯಾಸದಲ್ಲಿ ಟೋನಿ ಮಾರಿಸನ್ ಆ 'ಬಿಳಿ'ಯನ್ನೇ ಹಿಡಿದುಕೊಂಡ್ರು. ಬಿಳಿಯರ ಮೇಲರಿಮೆ ಅನ್ನೋ ಸಿದ್ಧಾಂತವನ್ನೇ ಮೆಲ್ವಿಲ್ ಎದುರು ಹಾಕಿಕೊಂಡಿದ್ದ ಅನ್ನೋದು ಅವರ ಓದು.

ಟೀಕೆ ಇಲ್ಲ ಅಂತಲ್ಲ. ಹೆಣ್ಣು ಪಾತ್ರಗಳು ಇಲ್ಲ ಅನ್ನೋಷ್ಟು ಕಡಿಮೆ. ತಿಮಿಂಗಿಲ ಮೀನು ಅಂತ ಇಷ್ಮೇಲ್ ಹಠ ಹಿಡೀತಾನೆ. ಮಧ್ಯದ ಇನ್ನೂರು ಪುಟ ನಿದ್ದೆ ಬರಿಸುತ್ತೆ ಅನ್ನೋರು ಇವತ್ತೂ ಇದ್ದಾರೆ. ನಾನೂ ಎರಡು ಸಲ ಅರ್ಧಕ್ಕೇ ಬಿಟ್ಟವಳು. ಮೂರನೇ ಸಲ ದಿನಕ್ಕೆ ಎರಡು ಅಧ್ಯಾಯ ಅಂತ ಇಟ್ಕೊಂಡು ಮುಗಿಸಿದೆ. ಅಧ್ಯಾಯಗಳು ಚಿಕ್ಕವು, ಮೆಟ್ರೋದಲ್ಲಿ ಆರಾಮಾಗಿ ಆಗುತ್ತೆ. ಕಾಪಿರೈಟ್ ಮುಗಿದು ಬಹಳ ಕಾಲ ಆಗಿರೋದ್ರಿಂದ ಇಂಗ್ಲಿಷ್ ಮೂಲ ಫೋನಲ್ಲಿ ಉಚಿತವಾಗಿ ಸಿಗುತ್ತೆ. ಅಮೆರಿಕದ ನ್ಯೂ ಬೆಡ್‌ಫೋರ್ಡ್ ಊರಿನ ತಿಮಿಂಗಿಲ ಬೇಟೆ ಮ್ಯೂಸಿಯಂನಲ್ಲಿ ಪ್ರತಿ ಜನವರಿ ಜನ ಸೇರಿ, ಸರದಿ ಮೇಲೆ, ಇಡೀ ಪುಸ್ತಕವನ್ನ ಜೋರಾಗಿ ಓದ್ತಾರೆ. ಸುಮಾರು 25 ಗಂಟೆ.

ಕೊನೆಗೆ ನನ್ನ ಲೆಕ್ಕ

ಈ ಎಪಿಸೋಡ್ ಯಾಕೆ ಮಾಡಿದೆ ಅಂತ ಹೇಳಿ ಮುಗಿಸ್ತೀನಿ.

ಎರಡು ತಿಂಗಳಿಂದ ನನ್ನ ಪಾಡ್‌ಕಾಸ್ಟ್‌ನ ಗ್ರಾಫ್ ಇಳೀತಾ ಇದೆ. ಬೆಳಗ್ಗೆ ಎದ್ದ ತಕ್ಷಣ ನೋಡೋದು ಅದನ್ನೇ. ಅಪ್ಪ ಏನೂ ಅನ್ನಲ್ಲ, ಆದರೆ ಕಾಫಿ ಕೊಡ್ತಾ "ಬ್ಯಾಂಕ್ ಎಕ್ಸಾಂ ಅರ್ಜಿ ಬಿಟ್ಟಿದ್ದಾರಂತೆ ಕಣಮ್ಮ" ಅಂತಾರೆ. ಸ್ನೇಹಿತೆಯೊಬ್ಬಳು ಸಮಾಧಾನ ಮಾಡೋಕೆ ಒಂದು ಪೋಸ್ಟ್ ಕಳಿಸಿದ್ಲು: 'ಮೊಬಿ-ಡಿಕ್ ಕೂಡ ಸೋತಿತ್ತು, ಬಿಡಬೇಡ' ಅಂತ. ಅಲ್ಲಿಂದ ಹುಡುಕ್ತಾ ಹೋದೆ.

ಹುಡುಕಿದ ಮೇಲೆ ನಂಗೆ ಆ ಪೋಸ್ಟ್ ಮೇಲೆ ಸಿಟ್ಟು ಬಂತು. ಯಾಕಂದ್ರೆ ಗೆದ್ದಿದ್ದು ಪುಸ್ತಕ, ಮೆಲ್ವಿಲ್ ಅಲ್ಲ. ಅವನಿಗೆ ಆ ಗೆಲುವು ಗೊತ್ತೇ ಆಗಲಿಲ್ಲ. 1851ರ ಸಾಲಕ್ಕೆ 1921ರ ಹೊಗಳಿಕೆಯಿಂದ ಬಡ್ಡಿ ಕಟ್ಟೋಕಾಗಲ್ಲ. ಇದನ್ನ 'ಕಾದ್ರೆ ಸಿಗುತ್ತೆ' ಅನ್ನೋ ನೀತಿಕಥೆ ಮಾಡಿದ್ರೆ ಆ 19 ವರ್ಷದ ದಿನಗೂಲಿಗೆ ಅವಮಾನ. ಇನ್ನೊಂದು ವಿಷಯ. ಹೀಗೆ ಮುಳುಗಿದ ಪುಸ್ತಕಗಳಲ್ಲಿ ಯಾರೂ ಎತ್ತದೇ ಹೋದವು ಎಷ್ಟೋ ಇರಬೇಕು. ಅವುಗಳ ಬಗ್ಗೆ ಯಾರೂ ಪೋಸ್ಟ್ ಹಾಕಲ್ಲ.

ಹಾಗಾದ್ರೆ ನಾನು ಕಲಿತಿದ್ದು ಏನು? ಎರಡು. ಮೊದಲನೇದು, ವರ್ಷಕ್ಕೆ 80 ಅನ್ನೋ ಸಂಖ್ಯೆ ಪುಸ್ತಕದ ಮಾರಾಟ ಹೇಳ್ತು, ಪುಸ್ತಕದ ಗುಣ ಹೇಳಲಿಲ್ಲ. ಎರಡೂ ಒಂದೇ ಕಾಲಂನಲ್ಲಿ ಬರೆಯೋದು ಲೆಕ್ಕದ ತಪ್ಪು. ಎರಡನೇದು, ಒಂದು ಕೃತಿ ಉಳಿಯೋಕೆ ಬರೆದವರು ಮಾತ್ರ ಸಾಲದು. ಕೆಂಡ ಕಾಯೋ ಒಬ್ಬ ಓದುಗ ಬೇಕು, ಕಾಗದಪತ್ರ ಬಿಸಾಕದೆ ಇಟ್ಟ ಒಂದು ಮನೆ ಬೇಕು, "ಇದರ ಬಗ್ಗೆ ಬರೆಯಪ್ಪ" ಅನ್ನೋ ಒಬ್ಬ ಹಿರಿಯ ಬೇಕು. ಮೊದಲನೇ ಕೆಲಸ ನಾನು ನೀವು ಇಬ್ಬರೂ ಮಾಡಬಹುದು. ಯಾರೂ ಮಾತಾಡದ ಒಂದು ಒಳ್ಳೆ ಪುಸ್ತಕ ನಿಮ್ಮ ಕಪಾಟಲ್ಲಿ ಇದ್ರೆ, ಅದರ ಹೆಸರು ಈ ವಾರ ಒಬ್ಬರಿಗಾದ್ರೂ ಹೇಳಿ. ಬರೆದವರು ಬದುಕಿದ್ರೆ ಅವರಿಗೇ ಹೇಳಿ, ಅದು ಇನ್ನೂ ಒಳ್ಳೇದು.

ನಾನು? ಬ್ಯಾಂಕ್ ಎಕ್ಸಾಂಗೆ ಅರ್ಜಿ ಹಾಕಿದೆ. ನಾಲ್ಕು ಡಾಲರ್ ದಿನಗೂಲಿ ಕೀಳಲ್ಲ, ಅದು ಅವನ ಮನೆ ನಡೆಸ್ತು, ರಾತ್ರಿ ಪದ್ಯ ಬರೆಸ್ತು. ಪಾಡ್‌ಕಾಸ್ಟ್ ಇನ್ಮೇಲೆ ವಾರಕ್ಕೊಂದರ ಬದಲು ಹದಿನೈದು ದಿನಕ್ಕೊಂದು ಬರುತ್ತೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.